ತಾರಸಿ ಮಾತಾಡ್ತು

ಹಂಪಕ್ಕನ ಕಿವಿ ಸತ್ತು ಹನ್ನೊಂದು ವರ್ಷವಾಗಿತ್ತು. ಆ ಸುದ್ದಿಯನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಹೆತ್ತ ಮಗಳು ನಂದಿನಿಗೂ ಹೇಳಿರಲಿಲ್ಲ. ಕುರುಗೋಡಿನ ಗುಡ್ಡದ ಮಗ್ಗುಲಿನ ಕ್ರಷರಿನಲ್ಲಿ ಇಪ್ಪತ್ತು ವರ್ಷ ಜಲ್ಲಿ ಹೊತ್ತಿದ್ದಕ್ಕೆ ಸಿಕ್ಕ ಬಳುವಳಿ ಅದು. ಪೂರ್ತಿ ಕಿವುಡಿಯೇನಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ, ಅರ್ಧ ದನಿ ಹಿಡಿದು, ಉಳಿದರ್ಧ ಊಹಿಸಿ ನಿಭಾಯಿಸುತ್ತಿದ್ದಳು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಓಣಿಯವರು ಅದನ್ನು ಸೊಕ್ಕು ಅಂದುಕೊಂಡಿದ್ದರು. ಅಂದುಕೊಳ್ಳಲಿ ಬಿಡು ಎಂದು ಆಕೆಯೂ ಸುಮ್ಮನಿದ್ದಳು. ಸೊಕ್ಕಿನವಳು ಅನ್ನಿಸಿಕೊಂಡರೆ ಒಂದು ಮರ್ಯಾದೆಯಾದರೂ ಉಂಟು, ಕಿವುಡಿ ಅನ್ನಿಸಿಕೊಂಡರೆ ಏನುಂಟು?

ಬೇರೆಯವರ ಕಿವಿ ಹೋಗಿದ್ದರೆ ಇಷ್ಟು ಮುಚ್ಚಿಡುವ ಗರಜಿರಲಿಲ್ಲ. ಆದರೆ ಹಂಪಕ್ಕ ಸುಣ್ಣದ ಕೆಲಸದವರಲ್ಲಿ 'ಕಿವಿಯಾಕಿ'. ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲದ ಬಂಗಲೆಗಳಿಗೆಲ್ಲ ಮದ್ರಾಸ್ ತಾರಸಿ. ಸಾಗವಾನಿ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿ, ಅದರ ಮೇಲೆ ಸುಣ್ಣ, ಇಟ್ಟಿಗೆ ಚೂರು ಕಲಸಿದ ಗಾರೆ ಹಾಸಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬಡಿಯಬೇಕು. ಒಂದು ದಿನದ ಕೆಲಸವಲ್ಲ. ಎಂಟು ದಿನ, ಹತ್ತು ದಿನ, ಕೆಲವೊಮ್ಮೆ ಹದಿನೈದು. ಗಾರೆಯ ಹೊಟ್ಟೆಯಲ್ಲಿ ಗಾಳಿ, ನೀರು ಇರುವ ತನಕ ಕೊಡತಿ 'ದಬ್' ಅನ್ನುತ್ತದೆ. ಕೂಡಿಕೊಂಡು ಕಲ್ಲಾದ ದಿನ ಸಣ್ಣಗೆ 'ಟಣ್' ಅನ್ನುತ್ತದೆ. ಅದಕ್ಕೆ ಅವರು 'ತಾರಸಿ ಮಾತಾಡ್ತು' ಎನ್ನುತ್ತಾರೆ. ಆ ಮಾತನ್ನು ಮೇಸ್ತ್ರಿ ಹೇಳುವಂತಿಲ್ಲ, ಮನೆಯ ಯಜಮಾನನೂ ಹೇಳುವಂತಿಲ್ಲ. ಕಿವಿಯಾಕಿ ಒಬ್ಬಳೇ ಹೇಳಬೇಕು. ಆಕೆಗಿಂತ ಮುಂಚೆ ಯಾರಾದರೂ ಬಾಯಿ ಹಾಕಿದರೆ ಮಾಳಿಗೆ ಮುನಿಯುತ್ತದೆಂದು ನಂಬಿಕೆ. ಆಕೆ ಹೇಳಿದ ಮೇಲೆ ಒಂದು ಏಟೂ ಹೆಚ್ಚು ಹಾಕುವಂತಿಲ್ಲ.

ಹಂಪಕ್ಕನ ಅವ್ವ ದೊಡ್ಡಬಸಮ್ಮನೂ ಕಿವಿಯಾಕಿಯೇ. ಕಂಟೋನ್ಮೆಂಟಿನ ಬಂಗಲೆಗಳ ಒಳಗೆ ಈ ಸುಣ್ಣದ ಕೆಲಸದವರಿಗೆ ಪ್ರವೇಶವಿರಲಿಲ್ಲ. ಹೊರಗೋಡೆಗೆ ಏಣಿ ಹಚ್ಚಿ ಹತ್ತಬೇಕು, ಹಾಗೇ ಇಳಿಯಬೇಕು. ಹೊಸ್ತಿಲು ತುಳಿದರೆ ಮೈಲಿಗೆ ಎನ್ನುತ್ತಿದ್ದ ಯಜಮಾನರ ತಲೆಯ ಮೇಲೆ ಕೂತು ಹತ್ತು ದಿನ ಬಡಿದರೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ. ಆಮೇಲೆ ಸಿಮೆಂಟು ಬಂತು. ಕೊಡತಿಗಳು ಒಲೆಗೆ ಹೋದವು, ಹೆಂಗಸರು ಕ್ರಷರಿಗೆ ಹೋದರು.

ಹೀಗಿರುವಾಗ ಒಂದು ಏಪ್ರಿಲ್ ತಿಂಗಳ ಮುಂಜಾನೆ ಬಳ್ಳಾರಿಯ ಕೌಲ್ ಬಜಾರಿನ ದುರುಗಣ್ಣ ಮೇಸ್ತ್ರಿ ಬೈಕಿನಲ್ಲಿ ಕುರುಗೋಡಿಗೆ ಬಂದು ಹಂಪಕ್ಕನ ಮನೆಯ ಮುಂದೆ ನಿಂತ.

"ಅಕ್ಕ, ಕಂಟೋನ್ಮೆಂಟಿನ ನೀಲಾವತಿ ವಿಲಾಸ ಹೋಟ್ಲು ಆಗಾಕ ಹತ್ತೈತಿ," ಎಂದ.

"ಲಾಡ್ಜೇನು?"

"ಲಾಡ್ಜಲ್ಲಬೇ. ಒಂಬತ್ತೇ ರೂಮು. ಹಳೇ ಶ್ರೀಮಂತರು ಹೆಂಗ ಇದ್ರು ಹಂಗ ಎರಡು ದಿನ ಇದ್ದು ಹೋಗಬೇಕು ಅನ್ನೋ ಮಂದಿಗಿ. ಮೂಡಲ ಕಡೆ ಮಾಳಿಗಿ ಬಿದ್ದೈತಿ. ಮೇಡಮ್ಮಾರಿಗಿ ಸಿಮೆಂಟು ಬ್ಯಾಡಂತ, ಮೊದಲು ಹೆಂಗಿತ್ತೋ ಹಂಗೇ ಬೇಕಂತ. ಸಿರುಗುಪ್ಪದ ಜಂಬಮ್ಮ ಬಡಿಯಾಕ ಮಂದಿ ಕರಕೊಂಡು ಬರ್ತಾಳ. ಕಿವಿ ಮಾತ್ರ ನಿಂದೇ ಬೇಕು."

ಹಂಪಕ್ಕ ಬಾಯಿ ತೆರೆದಳು. ನನ್ನ ಕಿವಿ ಹೋಗೈತೋ ತಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿದ್ದಂತೂ ನಿಜ. ಅಷ್ಟರಲ್ಲಿ ದುರುಗಣ್ಣ ಇನ್ನೊಂದು ಮಾತು ಸೇರಿಸಿದ.

"ರೂಮು ನೋಡಿಕೊಳ್ಳಾಕ ಓದಿದ ಹೆಣ್ಮಕ್ಳು ಬೇಕಂತ. ನಾನು ನಂದಿನಿ ಹೆಸರು ಹೇಳೀನಿ. ನೀ ಬಂದ್ರ ಆಕಿ ಕೆಲಸನೂ ಆದಂಗ."

ನಂದಿನಿಗೆ ಮೂವತ್ತೊಂದು ವರ್ಷ. ಪಿಯುಸಿ ಪಾಸಾಗಿದ್ದಳು. ಕುಡುಕ ಗಂಡನನ್ನು ಬಿಟ್ಟು ಬಂದ ಮೇಲೆ ಏಳು ವರ್ಷದಿಂದ ಬಳ್ಳಾರಿಯ ಒಂದು ಜೀನ್ಸ್ ಶೆಡ್ಡಿನಲ್ಲಿ ಹೊಲಿಯುತ್ತಿದ್ದಳು. ಉಗುರೆಲ್ಲ ನೀಲಿ, ಎದೆಯಲ್ಲಿ ಬಟ್ಟೆಯ ಧೂಳು. ಕೆಮ್ಮಿದರೆ ನಿಲ್ಲುತ್ತಿರಲಿಲ್ಲ. ಈ ಧೂಳು ಬಿಡದಿದ್ದರೆ ಔಷಧಿ ಬರೆದು ಪ್ರಯೋಜನವಿಲ್ಲ ಎಂದು ಡಾಕ್ಟರು ಮಾರ್ಚಿನಲ್ಲಿ ಏನೂ ಬರೆಯದ ಚೀಟಿಯನ್ನೇ ಮಡಚಿ ಕೊಟ್ಟಿದ್ದರು. ಆ ಕೆಮ್ಮು ಹಂಪಕ್ಕನಿಗೆ ಕೇಳುತ್ತಿರಲಿಲ್ಲ, ಆದರೆ ಒಂದೇ ಚಾಪೆಯಲ್ಲಿ ಮಲಗುವ ಮಗಳ ಬೆನ್ನು ಅದುರುವುದು ತಿಳಿಯುತ್ತಿತ್ತು. ಹಂಪಕ್ಕ ತೆರೆದ ಬಾಯಿ ಮುಚ್ಚಿದಳು. ಬರ್ತೀನಿ ಎಂದಳು.

ಕಿವಿ ಇಲ್ಲದಿದ್ದರೇನು, ಕಣ್ಣಿದೆ ಎಂಬುದು ಆಕೆಯ ಲೆಕ್ಕ. ಜೊತೆಯ ಹೆಂಗಸರ ಮುಖ ನೋಡಿದರೆ ತಾರಸಿ ಮಾತಾಡಿದ್ದು ಗೊತ್ತಾಗದೇ ಇರುತ್ತದೆಯೇ? ಬಡಿಯುವವರಿಗೂ ಕಿವಿ ಇರುತ್ತದಲ್ಲ.

ಮೇ ತಿಂಗಳ ಬಿಸಿಲಿನಲ್ಲಿ ಹನ್ನೆರಡು ಮಂದಿ ಹೆಂಗಸರು ನೀಲಾವತಿ ವಿಲಾಸದ ಮಾಳಿಗೆ ಹತ್ತಿದರು. ಹತ್ತಿಯ ವ್ಯಾಪಾರಿಯೊಬ್ಬ ಹೆಂಡತಿಯ ಹೆಸರಿನಲ್ಲಿ ಕಟ್ಟಿಸಿದ ನೂರು ವರ್ಷ ದಾಟಿದ ಬಂಗಲೆ. ಈಗಿನ ಒಡತಿ ಶಶಿರೇಖಾ ಆ ವ್ಯಾಪಾರಿಯ ಮರಿಮಗಳು, ಇರುವುದು ಹೈದರಾಬಾದಿನಲ್ಲಿ. ಕೆಟ್ಟವಳಲ್ಲ. ಹೆಂಗಸರಿಗೆ ಮಜ್ಜಿಗೆ ಕಳಿಸುತ್ತಿದ್ದಳು, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ದಿನಕ್ಕೆ ಎರಡು ಸಲ ಮೇಲೆ ಬಂದು ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದಳು. ಹಂಪಕ್ಕ ಗಾರೆಗೆ ಕಿವಿ ಆನಿಸಿ ಕಣ್ಣು ಮುಚ್ಚಿದ ಒಂದು ಫೋಟೊ ಆಕೆಗೆ ಬಹಳ ಹಿಡಿಸಿತು. ಹಂಪಕ್ಕ ಕಣ್ಣು ಮುಚ್ಚಿದ್ದು ಬಿಸಿಲಿಗೆ.

ದಿನವೂ ಸಂಜೆ ಕೊಡತಿಗಳನ್ನು ನಿಲ್ಲಿಸಿ, ಒಬ್ಬಳಿಂದ ನಾಲ್ಕು ಏಟು ಹಾಕಿಸಿ, ಹಂಪಕ್ಕ ಮಂಡಿಯೂರಿ ಕೇಳುವಂತೆ ಮಾಡುತ್ತಿದ್ದಳು. ಕೇಳುತ್ತಿದ್ದದ್ದು ಏನೂ ಇಲ್ಲ, ಅಂಗೈಗೆ ಬರುವ ಸಣ್ಣ ನಡುಕ ಅಷ್ಟೇ. ತಲೆ ಎತ್ತಿ ಎಲ್ಲರ ಮುಖ ನೋಡುತ್ತಿದ್ದಳು. ಎಲ್ಲರೂ ಆಕೆಯ ಮುಖ ನೋಡುತ್ತಿದ್ದರು. ಇಪ್ಪತ್ತೈದು ವರ್ಷ ಸಿಮೆಂಟು ಹೊತ್ತವರಿಗೆ ತಮ್ಮ ಕಿವಿಯ ಮೇಲೆ ಭರವಸೆ ಉಳಿದಿರಲಿಲ್ಲ. ಇದ್ದ ಒಬ್ಬಿಬ್ಬರೂ ಕಿವಿಯಾಕಿಗಿಂತ ಮುಂಚೆ ಬಾಯಿ ಬಿಡುವವರಲ್ಲ. "ಇನ್ನೂ ಇಲ್ಲ" ಎಂದು ಹಂಪಕ್ಕ ತಲೆ ಅಲ್ಲಾಡಿಸಿದರೆ ಎಲ್ಲರೂ ಹೌದಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದರು. ಕುರುಡರಿಗೆ ಕುರುಡ ದಾರಿ ತೋರಿಸಿದ ಹಾಗೆ ಏಳು ದಿನ ಕಳೆಯಿತು.

ಎಂಟನೆಯ ದಿನ ಮಧ್ಯಾಹ್ನ ಶಶಿರೇಖಾ ಬಂದು ದುರುಗಣ್ಣನ ಹತ್ತಿರ ಉದ್ಘಾಟನೆಯ ದಿನದ ಮಾತು ತೆಗೆದಳು. ಬಣ್ಣದವರು, ಕರೆಂಟಿನವರು ಕೆಳಗೆ ಕಾಯುತ್ತಿದ್ದರು. ದುರುಗಣ್ಣ ಹಂಪಕ್ಕನ ಕಡೆ ನೋಡಿದ. ಅಂದು ಬಿಸಿಲಿಗೆ ಗಾರೆಯ ಮೇಲ್ಪದರ ಒಣಗಿ ಕೊಡತಿ ಚೆನ್ನಾಗಿ ಪುಟಿಯುತ್ತಿತ್ತು. ಹಂಪಕ್ಕ ಮಂಡಿಯೂರಿದಳು. ಜಂಬಮ್ಮ ನಾಲ್ಕು ಏಟು ಹಾಕಿ, ಹುಬ್ಬು ಮೇಲಕ್ಕೆತ್ತಿ, ಹಂಪಕ್ಕನ ಕಡೆ ಬಾಗಿ ಒಂದು ಮಾತು ಅಂದಳು.

ಅವಳ ತುಟಿಯ ಮೇಲೆ ಹಂಪಕ್ಕ ಓದಿದ್ದು "ಮಾತಾಡ್ತಕ್ಕ" ಎಂದು. ಜಂಬಮ್ಮ ಅಂದದ್ದು "ಮಾತಾಡ್ತಾಕ್ಕ?" ಎಂದು. ನಡುವಿನ ಒಂದು ದೀರ್ಘ, ಕೊನೆಯ ಒಂದು ಎಳೆತ, ಇಷ್ಟೇ ವ್ಯತ್ಯಾಸ. ಕೇಳುವ ಕಿವಿಗೆ ಅದು ಪ್ರಶ್ನೆ, ನೋಡುವ ಕಣ್ಣಿಗೆ ಉತ್ತರ. ಸಂಪ್ರದಾಯ ಮುರಿದು ಜಂಬಮ್ಮ ತಾನೇ ಮುಂಚೆ ಹೇಳಿಬಿಟ್ಟಳಲ್ಲ ಎಂದು ಹಂಪಕ್ಕನಿಗೆ ಒಂದು ಗಳಿಗೆ ಸಿಟ್ಟು ಬಂತು, ಮರುಗಳಿಗೆಯೇ ಎದೆ ಹಗುರವಾಯಿತು. ಎದ್ದು ನಿಂತು, ಸೆರಗು ಕೊಡವಿ, ಅವ್ವ ಹೇಳುತ್ತಿದ್ದ ಗತ್ತಿನಲ್ಲೇ ಹೇಳಿದಳು.

"ಮಾತಾಡ್ತು."

ಹನ್ನೆರಡೂ ಕೊಡತಿಗಳು ಬೋರಲು ಬಿದ್ದವು. ದುರುಗಣ್ಣ ಕೈ ಮುಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಗಸ್ಟಿನಲ್ಲಿ ಹೋಟೆಲು ಶುರುವಾಯಿತು. ನಂದಿನಿಗೆ ಕಂದು ಬಣ್ಣದ ಸೀರೆ, ಕುತ್ತಿಗೆಗೆ ಹೆಸರಿನ ಬಿಲ್ಲೆ, ಸೊಂಟದಲ್ಲಿ ಬೀಗದ ಕೈ. ಅವ್ವ ಬಡಿಸಿದ ಮಾಳಿಗೆಯ ಕೆಳಗಿನ ಮೂಡಲ ಕೋಣೆ ಅವಳ ಸುಪರ್ದಿಗೇ ಬಂತು. ಒಂಬತ್ತರಲ್ಲಿ ಅದೇ ದೊಡ್ಡದು, ಹೆಸರು 'ನೀಲಾವತಿ ಸೂಟ್'. ತಿಂಗಳೊಪ್ಪತ್ತಿನಲ್ಲಿ ಅವಳ ಕೆಮ್ಮು ಇಳಿಯಿತು, ಉಗುರಿನ ನೀಲಿ ಹೋಯಿತು. ಒಂದು ಸೋಮವಾರ ಅತಿಥಿಗಳಿಲ್ಲದ ಹೊತ್ತು ನೋಡಿ ಅವ್ವನನ್ನು ಕರೆದೊಯ್ದಳು, ಅದೂ ಮುಂಬಾಗಿಲಿನಿಂದ. ಹೊಸ್ತಿಲ ಹತ್ತಿರ ಹಂಪಕ್ಕನ ಕಾಲು ತಾನಾಗಿಯೇ ನಿಂತಿತು.

"ಬಾ ಬೇ, ಯಾರು ಏನಂತಾರ? ನಾನು ದಿನಾ ಹತ್ತು ಸಲ ತುಳೀತೀನಿ," ಎಂದು ನಂದಿನಿ ಕೈ ಹಿಡಿದು ಎಳೆದಳು.

ಒಳಗೆ ಗೋಡೆಯ ಮೇಲೆ, ವ್ಯಾಪಾರಿ ಮತ್ತು ನೀಲಾವತಿಯ ಪಟದ ಎದುರಿಗೇ, ಹಂಪಕ್ಕನ ಫೋಟೊ ಚೌಕಟ್ಟು ಹಾಕಿಸಿಕೊಂಡು ಕೂತಿತ್ತು. ಕೆಳಗೆ ಬರೆದದ್ದನ್ನು ನಂದಿನಿ ಓದಿ ಹೇಳಿದಳು: 'ತಾರಸಿಯ ಮಾತು ಕೇಳುವ ತಾಯಿ'. ಹಂಪಕ್ಕನಿಗೆ ಹೆಮ್ಮೆಯಾಯಿತು. ಸುಳ್ಳೇಕೆ, ಕಣ್ಣಲ್ಲಿ ನೀರೂ ಬಂತು. ಆಮೇಲೆ ಮೂಡಲ ಕೋಣೆಗೆ ಹೋದರು. ನಂದಿನಿ ಹಾಸಿಗೆ, ಪರದೆ, ಸ್ನಾನದ ತೊಟ್ಟಿ ತೋರಿಸುತ್ತಿದ್ದಳು. ಹಂಪಕ್ಕ ತಲೆ ಎತ್ತಿ ನೋಡಿದಳು. ಎರಡು ತೊಲೆಗಳ ನಡುವೆ ಇಟ್ಟಿಗೆಯ ಮೇಲೆ ರೊಟ್ಟಿಯಗಲ ಕರಿಯ ತೇವ.

"ಅದು ಮ್ಯಾಲೆ ಹೂವಿನ ಗಿಡಕ್ಕ ನೀರು ಹಾಕ್ತಾರಲ್ಲ, ಅದಕ್ಕ," ಎಂದಳು ನಂದಿನಿ. ಮಾಳಿಗೆಯ ಮೇಲೆ ಮಣ್ಣು ತುಂಬಿದ ದೊಡ್ಡ ದೊಡ್ಡ ಕುಂಡಗಳನ್ನಿಟ್ಟು, ಸಂಜೆ ಅತಿಥಿಗಳು ಊಟಕ್ಕೆ ಕೂರುವ ಜಾಗ ಮಾಡಿದ್ದರು.

ಮಾತಾಡಿದ ತಾರಸಿ ನೀರು ಕುಡಿಯುವುದಿಲ್ಲ. ಇದು ಹಂಪಕ್ಕನಿಗೆ ಗೊತ್ತಿತ್ತು. ಮಾರನೆಯ ದಿನ ಬಸ್ಸು ಹತ್ತಿ ಬಳ್ಳಾರಿಗೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಸಿರುಗುಪ್ಪಕ್ಕೆ ಹೋದಳು. ಜಂಬಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಹಂಪಕ್ಕ ಆಕೆಯನ್ನು ಗೋಡೆಯ ನೆರಳಿಗೆ ಕರೆದು, ಎದುರಿಗೆ ಕೂರಿಸಿಕೊಂಡು ಕೇಳಿದಳು.

"ಆವತ್ತು ಮಾಳಿಗಿ ಮ್ಯಾಲೆ ನೀನು ಮಾತಾಡ್ತು ಅಂತ ಹೇಳಿದ್ಯೋ, ಮಾತಾಡ್ತೇನು ಅಂತ ಕೇಳಿದ್ಯೋ?"

"ಅಯ್ಯ, ನಾ ಯಾಕ ಹೇಳಲಿ? ಕೇಳಿದೆ. ನನ್ನ ಕಿವಿಗಿ ಇನ್ನೂ ದಬ್ ಅಂತಾನ ಇತ್ತು. ನೀ ಮಾತಾಡ್ತು ಅಂದಿ. ದೊಡ್ಡಬಸಮ್ಮನ ಮಗಳು ಅಂದ ಮ್ಯಾಲೆ ನನ್ನ ಕಿವೀನೇ ತಪ್ಪಿರಬೇಕು ಅಂತ ಸುಮ್ಮನಾದೆ." ಜಂಬಮ್ಮ ಹಂಪಕ್ಕನ ಮುಖವನ್ನು ದಿಟ್ಟಿಸಿದಳು. "ಯಾಕಬೇ, ಏನಾತು?"

"ಏನಿಲ್ಲ," ಎಂದಳು ಹಂಪಕ್ಕ. ಅಲ್ಲಿ, ಆ ಗಿರಣಿಯ ನೆರಳಿನಲ್ಲಿ, ಒಬ್ಬಳ ಮುಂದಾದರೂ ಹೇಳಬಹುದಿತ್ತು. ಹೇಳಲಿಲ್ಲ. ಈ ಹಾಳು ಹೆಮ್ಮೆ ಬಡವರಿಗೆ ಯಾಕೆ ಇರುತ್ತದೋ ಕಾಣೆ. ಇರುವುದು ಅದೊಂದೇ ಎಂದು ಇರಬೇಕು.

ಅಂದು ಮನೆಯಲ್ಲಿ ನಂದಿನಿಗೆ ಹೇಳಿದಳು. ಕಿವಿಯ ಮಾತಲ್ಲ, ಮಾಳಿಗೆಯ ಮಾತು. ಒಳಗೆ ಗಾರೆ ಕೂಡಿಲ್ಲ, ಮತ್ತೆ ಬಡಿಯಬೇಕು, ಮೇಡಂಗೆ ಹೇಳುತ್ತೇನೆ ಎಂದಳು. ನಂದಿನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀನೇ ಮಾತಾಡ್ತು ಅಂದಿ. ಈಗ ನೀನೇ ಇಲ್ಲ ಅಂತಿ. ನನ್ನ ಗತಿ ಏನು? ನಿನ್ನ ಹೆಸರಿನ ಮ್ಯಾಲೆ ನನ್ನ ತಗೊಂಡಾರ. ಮತ್ತ ಆ ಶೆಡ್ಡಿಗಿ ಹೋಗಾಕ ನನ್ನ ಕೈಲಿ ಆಗಂಗಿಲ್ಲ ಬೇ. ನಾ ಸಾಯ್ತೀನಿ ಅಲ್ಲಿ."

ಆದರೂ ಹಂಪಕ್ಕ ಆ ವಾರವೇ ಹೋದಳು. ಶಶಿರೇಖಾ ಖುರ್ಚಿ ಹಾಕಿಸಿ ಕೂರಿಸಿ, ಪಕ್ಕದಲ್ಲಿದ್ದ ಅತಿಥಿಗಳಿಗೆ "ನಾನು ಹೇಳಿದ ಅಮ್ಮ ಇವರೇ" ಎಂದು ಪರಿಚಯ ಮಾಡಿಸಿದಳು. ಅವರು ಎದ್ದು ನಿಂತು ಕೈ ಮುಗಿದರು. ನಂದಿನಿ ಟೀ ತಂದು, ಟ್ರೇ ಹಿಡಿದುಕೊಂಡೇ ಅಲ್ಲಿ ನಿಂತಳು.

"ಮಾಳಿಗಿ ತೇವ ಆಗೈತ್ರಿ. ಇನ್ನೂ ಬಡೀಬೇಕಿತ್ತು ಅನಿಸ್ತೈತಿ," ಎಂದಳು ಹಂಪಕ್ಕ.

"ಇಂಜಿನಿಯರು ನೋಡಿದ್ದಾರಮ್ಮ. ಮೇಲೆ ವಾಟರ್‌ಪ್ರೂಫ್ ಬಳಿಸ್ತಾರಂತೆ. ಆಯ್ತು ಅಂತ ನೀವೇ ಹೇಳಿದ್ರಲ್ಲ? ನೀವು ಹೇಳಿದ್ದು ತಪ್ಪಾಗುತ್ತಾ?" ಶಶಿರೇಖಾ ನಗುತ್ತಲೇ ಕೇಳಿದಳು.

ಉತ್ತರ ಒಂದೇ ಇತ್ತು. ಹೌದ್ರಿ, ತಪ್ಪಾತು, ನಂಗ ಕಿವಿ ಕೇಳಂಗಿಲ್ಲ. ಮೂರು ಮಾತು. ಹಂಪಕ್ಕ ಮಗಳ ಮುಖ ನೋಡಿದಳು. ಗೋಡೆಯ ಮೇಲಿನ ತನ್ನ ಫೋಟೊ ನೋಡಿದಳು.

"ಮಳಿಗಾಲ ಮುಗಿಯೂತನಕ ಕುಂಡ ಇಳಸ್ರಿ ಸಾಕು," ಎಂದಳು.

"ಖಂಡಿತ ಇಳಿಸ್ತೀವಿ," ಎಂದಳು ಶಶಿರೇಖಾ. ಇಳಿಸಲಿಲ್ಲ. ಮರೆತಳೋ, ದಸರಾ ರಜೆಯ ಅತಿಥಿಗಳು ಹೋಗಲಿ ಎಂದು ತಡೆದಳೋ, ಯಾರಿಗೆ ಗೊತ್ತು.

ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಬಳ್ಳಾರಿಯಂಥ ಬಳ್ಳಾರಿಯಲ್ಲಿ ಮೂರು ದಿನ ಸೂರ್ಯನ ಮುಖ ಕಾಣಲಿಲ್ಲ. ಕುರುಗೋಡಿನ ಮನೆಯಲ್ಲಿ ಹಂಪಕ್ಕ ತಗಡಿನ ಮೇಲೆ ಮಳೆ ಬೀಳುವುದನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ನಂದಿನಿ ಕೆಲಸಕ್ಕೆ ಹೋದ ಅರ್ಧ ತಾಸಿಗೆ ಆಕೆಗೆ ತಡೆಯಲಾಗಲಿಲ್ಲ. ಮರ್ಯಾದೆ ಹಾಳಾಗಿ ಹೋಗಲಿ, ಮಗಳ ಕೆಲಸವೂ ಹೋಗಲಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಮುಂದಿನ ಬಸ್ಸಿಗೆ ಹೊರಟಳು.

ಹತ್ತು ಗಂಟೆಗೆ ನೀಲಾವತಿ ವಿಲಾಸದ ಪಡಸಾಲೆ ಮುಟ್ಟಿದಾಗ ದುರುಗಣ್ಣ ಅಲ್ಲೇ ನಿಂತಿದ್ದ. ಬೆಳಗಿನ ಜಾವದಿಂದ ಮೂಡಲ ಕೋಣೆ ಸೋರುತ್ತಿದೆಯೆಂದು ಅವನನ್ನು ಕರೆಸಿದ್ದರು. ಅತಿಥಿಗಳನ್ನು ಬೇರೆ ಕೋಣೆಗೆ ಕಳಿಸಿಯಾಗಿತ್ತು. ನಂದಿನಿ ಹಾಸಿಗೆ, ಪರದೆ ತೆಗೆದಿಡಲು ಒಳಗೆ ಹೋಗಿದ್ದಾಳೆ ಎಂದ ಅವನು.

"ಆಕೀನ ಹೊರಗ ಕರಿ ಮೊದಲು," ಎಂದಳು ಹಂಪಕ್ಕ. "ದುರುಗಣ್ಣ, ಆ ಮಾಳಿಗಿ ಮಾತಾಡಿಲ್ಲ. ನಂಗ..."

ದುರುಗಣ್ಣನ ಮುಖ ತಟ್ಟನೆ ಆಚೆ ತಿರುಗಿತು. ಪಡಸಾಲೆಯಲ್ಲಿದ್ದವರೆಲ್ಲರ ಮುಖವೂ ಒಂದೇ ಸಲ ಆಚೆ ತಿರುಗಿತು. ಕಾಲ ಕೆಳಗೆ ನೆಲ ನಡುಗಿದ್ದು ಹಂಪಕ್ಕನಿಗೆ ತಿಳಿಯಿತು. ದುರುಗಣ್ಣ ಓಡಿದ, ಎಲ್ಲರೂ ಓಡಿದರು. ಮೂಡಲ ಕೋಣೆಯ ಬಾಗಿಲಿನಿಂದ ಸುಣ್ಣದ ಧೂಳು ಪಡಸಾಲೆಗೆ ಬರುವುದನ್ನು ಕಂಡಾಗಲೇ ಆಕೆಗೆ ಅರ್ಥವಾದದ್ದು.

ಅರ್ಧ ಮಾಳಿಗೆ ಇಳಿದಿತ್ತು. ಇಟ್ಟಿಗೆ, ಒದ್ದೆ ಗಾರೆ, ಮುರಿದ ತೊಲೆ, ಕುಂಡಗಳ ಮಣ್ಣು ಎಲ್ಲವೂ ಕೋಣೆಯ ತುಂಬ ಎದೆಯೆತ್ತರ ಬಿದ್ದಿತ್ತು. ಉಳಿದರ್ಧ ಮೇಲೆ ಜೋತಾಡುತ್ತಿತ್ತು. ಜನ ಬರಿಗೈಯಲ್ಲಿ ಇಟ್ಟಿಗೆ ಎಸೆಯತೊಡಗಿದ್ದರು. ದುರುಗಣ್ಣ ಎರಡೂ ಕೈ ಎತ್ತಿ ಎಲ್ಲರನ್ನೂ ತಡೆದ.

"ಸುಮ್ಮನಿರ್ರಿ. ಯಾರೂ ಅಲುಗಾಡಬ್ಯಾಡ್ರಿ. ದನಿ ಬರ್ತೈತಿ."

ಎಲ್ಲರೂ ನಿಂತಲ್ಲೇ ನಿಂತರು. ದುರುಗಣ್ಣ ಬಗ್ಗಿ ಆಲಿಸಿದ. ಮುಖ ಗಂಟಿಕ್ಕಿತು. ಕಿಟಕಿಯ ಕಡೆ ನೋಡಿದ, ಸ್ನಾನದ ಮನೆಯ ಕಡೆ ನೋಡಿದ, ಮತ್ತೆ ಬಗ್ಗಿದ. ಗುರುತು ಹತ್ತಲಿಲ್ಲ. ತಪ್ಪು ಕಡೆ ತೋಡಿದರೆ ಜೋತಾಡುವ ಉಳಿದರ್ಧವೂ ನಂದಿನಿಯ ಮೇಲೇ ಬರುತ್ತದೆ. ಅವನು ತಿರುಗಿ ಬಾಗಿಲಲ್ಲಿ ನಿಂತ ಹಂಪಕ್ಕನ ತೋಳು ಹಿಡಿದು ಒಳಗೆ ತಂದ. ಎದುರಿಗೆ ನಿಂತು ಮಾತಾಡಿದ್ದರಿಂದ ಆಕೆಗೆ ಒಂದೊಂದು ಮಾತೂ ತಿಳಿಯಿತು.

"ಅಕ್ಕ, ಅವ್ವಾ ಅಂತ ಕೂಗ್ತಾಳ. ಸಣ್ಣ ದನಿ. ನಂಗ ದಿಕ್ಕು ತಿಳೀವಲ್ದು. ನಿನಗಿಂತ ಕಿವಿ ಇಲ್ಲಿ ಯಾರಿಗೈತಿ? ಕೇಳಿ ಹೇಳು, ಎಲ್ಲಿ ತೋಡಲಿ?"

ಕೋಣೆಯಲ್ಲಿದ್ದ ಹತ್ತು ಹದಿನೈದು ಮಂದಿಯೂ ಹಂಪಕ್ಕನ ಮುಖ ನೋಡುತ್ತಿದ್ದರು. ಶಶಿರೇಖಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹಂಪಕ್ಕ ಮಂಡಿಯೂರಿದಳು, ಒದ್ದೆ ಗಾರೆಗೆ ಕಿವಿ ಹಚ್ಚಿದಳು, ಬಲಕ್ಕೆ ಹಚ್ಚಿದಳು, ಎಡಕ್ಕೆ ಹಚ್ಚಿದಳು. ಅಂಗೈ ಊರಿ ನಡುಕಕ್ಕಾಗಿ ಹುಡುಕಿದಳು. ಅಂಗೈ ಕೆಳಗೆ ಗಾರೆ ಮೆತ್ತಗಿತ್ತು, ಬೆರಳು ಇಳಿಯುವಷ್ಟು ಮೆತ್ತಗೆ.

"ನಂಗ ಕಿವಿ ಕೇಳಂಗಿಲ್ಲೋ ದುರುಗಣ್ಣ," ಎಂದಳು. "ಹನ್ನೊಂದು ವರ್ಷದಿಂದ ಕೇಳಂಗಿಲ್ಲ."

ದುರುಗಣ್ಣ ಆಕೆಯ ಭುಜ ತಟ್ಟಿದ. "ಗಾಬರಿ ಆಗಬ್ಯಾಡಕ್ಕ. ಗಾಬರಿಗಿ ಹಂಗಾಗೈತಿ. ಸಮಾಧಾನ ತಗೊ. ಇನ್ನೊಮ್ಮೆ ಕೇಳು," ಎಂದ.